ಕಾಲುಪೇಟಿ, ಕೀಬೋರ್ಡು ಮತ್ತು ಪಿಯಾನೋದ ದನಿ

ಪುಷ್ಯ ಮಾಸದ ಹುಣ್ಣಿಮೆಗೆ ಬಾದಾಮಿಯ ಹತ್ತಿರದ ಬನಶಂಕರಿಯಲ್ಲಿ ತೇರು ಎಳೆಯುವರು. ತೇರು ಒಂದು ದಿನದ್ದಾದರೂ ಜಾತ್ರೆ ಸುಮಾರು ಒಂದು ತಿಂಗಳು ನಡೆಯುವದು. ಬಾಗಲಕೋಟೆ, ಹುನಗುಂದ, ಇಳಕಲ್, ಗುಳೇದಗುಡ್ಡದ ಕಡೆಯಿಂದ ಬಂದ ಜನರು ದೇವಿಗೆ ಕಾಯಿ ಒಡೆಯಿಸಿ, ಜಾತ್ರೆಯನ್ನು ಸುತ್ತಿ, ಕತ್ತಲಾದ ಮೇಲೆ ನಾಟಕದ ತಂಬುಗಳತ್ತ ನಡೆಯುವದು ತಲೆಮಾರುಗಳಿಂದ ಬಂದ ವಾಡಿಕೆ. ಹಲವು ವೃತ್ತಿ ಕಂಪನಿಗಳು ಒಂದೇ ಬಯಲಿನಲ್ಲಿ ಒಟ್ಟಿಗೆ ಕ್ಯಾಂಪು ಹೂಡುವ ಇಂಥ ಇನ್ನೊಂದು ಜಾತ್ರೆಯನ್ನು ಕರ್ನಾಟಕದಲ್ಲಿ ಹುಡುಕಬೇಕಾದೀತು. ಪರದೆ ಏಳುವ ಮುಂಚೆ ವಾಚಕರು ಒಮ್ಮೆ ರಂಗದ ಮಗ್ಗುಲಲ್ಲಿ ಕುಳಿತ ಮೇಳದ ಕಡೆಗೆ ಕಣ್ಣು ಹಾಯಿಸಬೇಕು. ಹಿಂದೆ ಅಲ್ಲಿ ಲೆಗ್ ಹಾರ್ಮೋನಿಯಂ ಇರುತ್ತಿತ್ತು, ಪಕ್ಕದಲ್ಲಿ ತಬಲಾ. ಇಂದು ಅದೇ ಸ್ಥಳದಲ್ಲಿ ಕೀಬೋರ್ಡು ಇದೆ, ಪಕ್ಕದಲ್ಲಿ ರಿದಂ ಪ್ಯಾಡು. ಯಾವ ಕಂಪನಿಯ ಮಾಲಾಗಿರಲಿ, ನಮ್ಮ ಹಳ್ಳಿಯ ಜನರ ಬಾಯಲ್ಲಿ ಅದು ‘ಕ್ಯಾಸಿಯೋ’.

ಈ ಕ್ಯಾಸಿಯೋದ ಗುಂಡಿ ಒತ್ತಿ ವಿದ್ಯುತ್ತು ಹರಿಸಿದರೆ ಮೊದಲು ಕೇಳುವ ದನಿ ಯಾವುದು? ಬಹುಮಟ್ಟಿಗೆ ಪಿಯಾನೋದ್ದು. ೧೯೯೧ರಲ್ಲಿ ಜಗತ್ತಿನ ವಾದ್ಯ ತಯಾರಕರು ‘ಜನರಲ್ ಮಿಡಿ’ ಎಂಬ ಒಂದು ಪಟ್ಟಿಯನ್ನು ಒಪ್ಪಿಕೊಂಡರು. ಅದರಲ್ಲಿ ೧೨೮ ದನಿಗಳು. ಒಂದನೆಯದು ದೊಡ್ಡ ಪಿಯಾನೋ, ಎರಡನೆಯದು ಅದೇ ಪಿಯಾನೋದ ತೀಕ್ಷ್ಣವಾದ ಇನ್ನೊಂದು ರೂಪ. ನಮ್ಮ ಸಿತಾರ ೧೦೫ನೆಯದು, ಶಹನಾಯಿ ೧೧೨ನೆಯದು. ತಬಲಾ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಹೀಗೆ, ಕಣ್ಣಾರೆ ಪಿಯಾನೋ ಕಂಡವರು ಬೆರಳೆಣಿಕೆಯಷ್ಟಿರುವ ಸೀಮೆಯಲ್ಲಿ ಪಿಯಾನೋದ ದನಿಯು ಪ್ರತಿಯೊಬ್ಬ ವಾದಕನ ಕೈಯಲ್ಲಿ ಮೊದಲನೆಯ ದನಿಯಾಗಿ ಬಂದು ಕುಳಿತಿದೆ. ಅದು ಹೇಗೆ ಬಂತು, ಬಂದುದರಲ್ಲಿ ಯಾವ ಪಿಯಾನೋ ನಮ್ಮ ರಂಗಕ್ಕೆ ಸಲ್ಲುವದು, ಯಾವುದು ಸಲ್ಲದು ಎಂಬದನ್ನು ವಿಚಾರಿಸುವದು ಈ ಲೇಖನದ ಉದ್ದೇಶ.

ಬಾದಾಮಿಯ ಗುಹೆಗಳಲ್ಲಿಯೂ ಐಹೊಳೆ, ಪಟ್ಟದಕಲ್ಲಿನ ಗುಡಿಗಳಲ್ಲಿಯೂ ಚಾಲುಕ್ಯರ ಶಿಲ್ಪಿಗಳು ಕಡೆದಿಟ್ಟ ಗಾಯಕರು, ವಾದಕರು ಅನೇಕರಿದ್ದಾರೆ. ಮದ್ದಳೆ ಉಂಟು, ಕೊಳಲು ಉಂಟು, ವೀಣೆ ಉಂಟು, ತಾಳ ಉಂಟು. ಮನೆಗಳಿರುವ ವಾದ್ಯ ಮಾತ್ರ ಒಂದೂ ಇಲ್ಲ. ಇಲ್ಲಿ ಮನೆ ಎಂದರೆ ಹಾರ್ಮೋನಿಯಂ ಬಾರಿಸುವವರು ಬೆರಳಿಡುವ ಕರಿ-ಬಿಳಿ ಪಟ್ಟಿಗಳು ಎಂದು ತಿಳಿಯತಕ್ಕದ್ದು. ಸ್ವರವನ್ನು ಮೊದಲೇ ಅಳೆದು, ಕೊಯ್ದು, ಡಬ್ಬಿಗಳಲ್ಲಿ ತುಂಬಿಡುವ ಈ ಏರ್ಪಾಡು ಯುರೋಪಿನದು. ಪಿಯಾನೋವನ್ನು ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತನು ಸುಮಾರು ೧೭೦೦ರಲ್ಲಿ ಕಟ್ಟಿದನು. ಮನೆಯನ್ನು ಒತ್ತಿದರೆ ಒಳಗೊಂದು ಸುತ್ತಿಗೆ ತಂತಿಗೆ ಬಡಿಯುವದು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ. ಇಂದಿನ ದೊಡ್ಡ ಪಿಯಾನೋದಲ್ಲಿ ೮೮ ಮನೆಗಳೂ ಇನ್ನೂರಕ್ಕೂ ಮಿಕ್ಕಿದ ತಂತಿಗಳೂ ಇರುವವು. ಕನ್ನಡ ನಾಡಿನಲ್ಲಿ ಈ ವಾದ್ಯಕ್ಕೆ ನಿಜವಾದ ಆಶ್ರಯ ದೊರೆತದ್ದು ಮೈಸೂರಿನ ಅರಮನೆಯಲ್ಲಿ. ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಬಾರಿಸಬಲ್ಲವರಾಗಿದ್ದರು. ೧೯೪೦ರ ದಶಕದ ಕೊನೆಯಲ್ಲಿ ರಶಿಯನ್ ಸಂಗೀತಗಾರ ನಿಕೊಲಾಯ್ ಮೆಟ್ನರನು ತನ್ನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಹಣವೊದಗಿಸಿದವರೂ ಅವರೇ.

ಮೈಸೂರಿಗೂ ಮಲಪ್ರಭೆಯ ದಂಡೆಗೂ ಬಲು ದೂರ. ಕಚೇರಿಯ ದೊಡ್ಡ ಪಿಯಾನೋ ನಾನೂರು-ಐನೂರು ಕಿಲೋ ತೂಗುವದು; ಹವೆಯಲ್ಲಿ ಸ್ವಲ್ಪ ಏರುಪೇರಾದರೂ ಅದರ ಶ್ರುತಿ ಜಾರುವದು. ಬಾದಾಮಿಯ ಕಲ್ಲುಗುಡ್ಡಗಳ ನಡುವೆ ಚೈತ್ರ-ವೈಶಾಖದ ಬಿಸಿಲನ್ನು ಅನುಭವಿಸಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಥದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಊರೂರು ಅಲೆಯುವ ಕಂಪನಿ ಹುಟ್ಟುವಂತಿರಲಿಲ್ಲ. ಆದಕಾರಣ ನಮ್ಮಲ್ಲಿಗೆ ಪಿಯಾನೋ ಬರುವ ಮುಂಚೆ ಅದರ ಮನೆಗಳು ಮಾತ್ರ ಬಂದವು, ಅದೂ ಬೇರೊಂದು ಪೆಟ್ಟಿಗೆಯ ಮೇಲೆ ಕುಳಿತು.

ಆ ಪೆಟ್ಟಿಗೆಯೇ ಹಾರ್ಮೋನಿಯಂ. ಪ್ಯಾರಿಸಿನ ಅಲೆಕ್ಸಾಂದ್ರ ದಬೆಂ ಎಂಬಾತನು ೧೮೪೨ರಲ್ಲಿ ಅದರ ಹಕ್ಕನ್ನು ಪಡೆದುಕೊಂಡನು. ಇದರಲ್ಲಿ ತಂತಿಯಿಲ್ಲ, ಸುತ್ತಿಗೆಯಿಲ್ಲ. ತಿದಿಯ ಗಾಳಿಗೆ ನಡುಗುವ ಹಿತ್ತಾಳೆಯ ನಾಲಗೆಗಳಿವೆ. ಅಗ್ಗ, ಹಗುರ, ಬಿಸಿಲು-ಮಳೆಗೆ ಸುಲಭವಾಗಿ ಜಗ್ಗದು. ಕ್ರೈಸ್ತ ಮಿಷನರಿಗಳ ಪ್ರಾರ್ಥನೆಯ ಮೂಲಕವೂ ಆಂಗ್ಲ ಅಧಿಕಾರಿಗಳ ಬಂಗಲೆಗಳ ಮೂಲಕವೂ ಅದು ಭಾರತವನ್ನು ಹೊಕ್ಕಿತು. ನಮ್ಮ ಸೀಮೆಗೆ ಮಿಷನರಿಗಳು ಹೊಸಬರಲ್ಲ, ಬಾಸೆಲ್ ಮಿಷನ್ನಿನವರು ಗುಳೇದಗುಡ್ಡದಲ್ಲಿ ಠಾಣ್ಯ ಹೂಡಿದ್ದು ೧೮೫೧ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾದದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುವ ನಮ್ಮ ಪೇಟಿಯನ್ನಾಗಿ ಮಾರ್ಪಡಿಸಿದರು. ಕಾಲಿನಿಂದ ತುಳಿಯುವ ಮೂಲ ರೂಪವಾದರೋ ನಾಟಕದವರಿಗೆ ಉಳಿಯಿತು. ಇದನ್ನು ಮುಂದೆ ಕಾಲುಪೇಟಿಯೆಂದೇ ಕರೆಯೋಣ.

ನಾಟಕಕ್ಕೂ ಪೇಟಿಗೂ ನಂಟು ಬಿದ್ದುದರ ಕಥೆ ಸ್ವಾರಸ್ಯವಾಗಿದೆ. ಕರ್ನಾಟಕದ ಭಾಗವತ ಮೇಳದ ಆಟವನ್ನು ಕಂಡು ಪ್ರೇರಣೆ ಪಡೆದು ೧೮೪೩ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ನಾಟಕವನ್ನು ಆಡಿದರು. ೧೮೮೦ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹೀಗೆ ನಮ್ಮ ನೆಲದ ಬೀಜ ಅತ್ತ ಮರವಾಗಿ ಬೆಳೆದು, ಅದರ ನೆರಳು ಮರಳಿ ಇತ್ತ ಬಿದ್ದಿತು. ಮರಾಠಿ ಕಂಪನಿಗಳ ಹಾವಳಿಗೆ ಉತ್ತರವೆಂಬಂತೆ ೧೮೭೦ರ ದಶಕದಲ್ಲಿ ಶಾಂತಕವಿಗಳು ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಅನಂತರ ಶಿರಹಟ್ಟಿಯ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ ಮಾಸ್ತರರು ಒಬ್ಬರ ಬೆನ್ನಿಗೊಬ್ಬರು ಕಂಪನಿ ಕಟ್ಟಿ ಮೆರೆದರು. ವಾಮನರಾಯರ ಕಂಪನಿಯಲ್ಲಿಯೇ ಬಾಲಕ ಮಲ್ಲಿಕಾರ್ಜುನ ಮನ್ಸೂರರು ಬಣ್ಣ ಹಚ್ಚಿ ಹಾಡಿದ್ದು.

ಈ ಕಂಪನಿಗಳ ಸಂಗೀತಕ್ಕೆ ಪೇಟಿಯೇ ಬೆನ್ನೆಲುಬು. ೧೯೧೧ರ ‘ಮಾನಾಪಮಾನ’ ನಾಟಕಕ್ಕೆ ಸ್ವರ ಕೂಡಿಸಿದ ಗೋವಿಂದರಾವ ಟೆಂಬೆಯವರು ಹಾರ್ಮೋನಿಯಂ ವಾದಕರೇ ಆಗಿದ್ದರು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯ ಗೋಹರಬಾಯಿ ಕರ್ನಾಟಕಿಯವರು ಬಾಲಗಂಧರ್ವರ ಕಂಪನಿಯಲ್ಲಿ ನಾಯಕಿಯಾಗಿ ಹಾಡಿದರು. ಅವರ ಸೋದರಿ ಅಮೀರಬಾಯಿಯವರು ಹಿಂದಿ ಚಿತ್ರಪಟಗಳಲ್ಲಿ ಹೆಸರು ಮಾಡಿದರು. ೧೯೪೩ರ ‘ಕಿಸ್ಮತ್’ ಚಿತ್ರದ ಅಮೀರಬಾಯಿಯವರ ಕಂಠವನ್ನು ಕೇಳಿದವರಿಗೆ ಅದರ ಹಿಂದೆ ರಂಗಗೀತೆಯ ಪಳಗಿಕೆ ಕೇಳದೆ ಇರಲಿಕ್ಕಿಲ್ಲ.

ಕಾಲುಪೇಟಿಯ ಗುಟ್ಟು ಬೆರಳಿನಲ್ಲಿ ಎಷ್ಟಿದೆಯೋ ಅಷ್ಟೇ ಪಾದದಲ್ಲಿದೆ. ಎರಡು ಕೈಗಳೂ ಮನೆಗಳ ಮೇಲೆ, ಎರಡು ಕಾಲುಗಳೂ ತುಳಿಗೆಗಳ ಮೇಲೆ. ನಟನು ಉಸಿರೆಳೆದಾಗ ಮಾಸ್ತರನ ಕಾಲು ಸಡಿಲಾಗಬೇಕು. ಅವನು ತಾರಸ್ಥಾಯಿಗೆ ಏರಿ ನಿಂತಾಗ ಗಾಳಿ ತುಂಬಿ ಬರಬೇಕು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ತಂಬುವಿನ ಕೊನೆಯ ಸಾಲಿನ ನಾಲ್ಕಾಣೆಯ ಪ್ರೇಕ್ಷಕನಿಗೂ ಸ್ವರ ಮುಟ್ಟುತ್ತಿದ್ದುದು ಈ ಕಾಲಿನ ಬಲದಿಂದ. ಒಬ್ಬ ನಟನ ಪಟ್ಟಿ ಬಿಳಿ ಒಂದು, ನಟಿಯದು ಬಿಳಿ ನಾಲ್ಕು, ಬಾಲನಟನದು ಕರಿ ಐದು. ಯಾವ ಮನೆಯನ್ನು ಷಡ್ಜವೆಂದು ಹಿಡಿದರೂ ಕಣ್ಣು ಮುಚ್ಚಿ ಬಾರಿಸಬಲ್ಲವನೇ ಮಾಸ್ತರ. ಕಣ್ಣು ಮುಚ್ಚಿ ಎಂದು ಹೇಳಿದ್ದು ಬರಿ ಮಾತಿಗಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ೧೯೦೯ರಲ್ಲಿ ಬಾದಾಮಿ ತಾಲೂಕಿನ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅವರ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತವನ್ನು ಅನ್ನದ ದಾರಿಯನ್ನಾಗಿ ಮಾಡಿಕೊಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಿಂದ ಹೊರಬಂದ ಎಷ್ಟೋ ಜನ ಪೇಟಿ ಮಾಸ್ತರರಾಗಿ, ಗವಾಯಿಗಳಾಗಿ ಹಳ್ಳಿಗಳಿಗೆ ಹಾಡು ಕಲಿಸಿದ್ದಾರೆ. ಹುನಗುಂದ, ಇಳಕಲ್ ಸುತ್ತಿನ ಹಳ್ಳಿಗಳಲ್ಲಿ ಊರ ಜಾತ್ರೆಗೆ ತರುಣರು ನಾಟಕ ಕಲಿಯುವಾಗ ಮೊದಲು ಗೊತ್ತು ಮಾಡುವದು ಮಾಸ್ತರನನ್ನು. ಅವನು ಬರದೆ ತಾಲೀಮು ಆರಂಭವಾಗದು.

ಇಂಥ ಪೇಟಿಯನ್ನು ಬಾನುಲಿಯು ಮೂವತ್ತು ವರುಷಕ್ಕೂ ಮಿಕ್ಕಿ ಹೊರಗೆ ನಿಲ್ಲಿಸಿತ್ತು. ಇದನ್ನು ಬಾನುಲಿಯ ಪತ್ರಿಕೆಯಲ್ಲಿ ಮರೆಮಾಚಿ ಹೇಳಬೇಕಾದುದಿಲ್ಲ. ೧೯೩೮ರಲ್ಲಿ ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಆಂಗ್ಲ ಸಂಗೀತಗಾರನು ಹಾರ್ಮೋನಿಯಮ್ಮಿನ ಮೇಲೆ ಕಟುವಾಗಿ ಬರೆದನು. ೧೯೪೦ರ ಜನವರಿಯಲ್ಲಿ ರವೀಂದ್ರನಾಥ ಠಾಕೂರರು ಕಲಕತ್ತೆಯ ನಿಲಯಕ್ಕೆ ಪತ್ರ ಬರೆದು ತಮ್ಮ ಅಸಮ್ಮತಿಯನ್ನು ತಿಳಿಸಿದರು. ಅದೇ ವರುಷದ ಮಾರ್ಚ್ ಒಂದರಿಂದ ಎಲ್ಲ ನಿಲಯಗಳಲ್ಲಿ ನಿಷೇಧ ಜಾರಿಗೆ ಬಂತು. ಧಾರವಾಡದ ನಿಲಯವು ೧೯೫೦ರ ಜನವರಿ ೮ರಂದು ಆರಂಭವಾದಾಗ, ಪೇಟಿಯ ಮಗ್ಗುಲಲ್ಲಿ ಹಾಡಿ ಬೆಳೆದ ಈ ಭಾಗದ ಗಾಯಕರು ಅದನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಬೇಕಾಯಿತು. ನಿಷೇಧ ಸಡಿಲಾದದ್ದು ೧೯೭೧ರಲ್ಲಿ. ಅನಂತರವೂ ಏಕವಾದನಕ್ಕೆ ಬಹುಕಾಲ ಎಡೆಯಿರಲಿಲ್ಲ.

ಆಕ್ಷೇಪದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಪೇಟಿಯ ಮೇಲೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ ಸಾಧ್ಯವಿಲ್ಲ. ಎರಡನೆಯದಾಗಿ, ಅದರ ಸ್ವರಸ್ಥಾನಗಳು ಪಿಯಾನೋದ ಲೆಕ್ಕದವು. ಪಾಶ್ಚಾತ್ಯರು ಒಂದು ಸಪ್ತಕವನ್ನು ೧೨೦೦ ಸೆಂಟುಗಳೆಂದು ಎಣಿಸಿ ಹನ್ನೆರಡು ಮನೆಗಳಿಗೆ ತಲಾ ನೂರರಂತೆ ಸರಿಪಾಲು ಹಂಚಿದ್ದಾರೆ. ಕೂಡು-ಕುಟುಂಬದ ಹಿಸ್ಸೆಯಂತೆ ಎಲ್ಲರಿಗೂ ಸಮಪಾಲು. ಯಾರಿಗೂ ಪೂರ್ಣ ನ್ಯಾಯವಿಲ್ಲ. ತಂಬೂರಿಯಿಂದ ತಾನಾಗಿ ಹೊಮ್ಮುವ ಶುದ್ಧ ಗಾಂಧಾರವು ಷಡ್ಜದಿಂದ ೩೮೬ ಸೆಂಟುಗಳ ಮೇಲಿದೆ, ಪೇಟಿಯದು ೪೦೦ರಲ್ಲಿ. ಹದಿನಾಲ್ಕು ಸೆಂಟು ಏರು. ಧೈವತವು ೮೮೪ರಲ್ಲಿ ಇರಬೇಕಾದದ್ದು ೯೦೦ರಲ್ಲಿ ಇದೆ. ಪಂಚಮದ ಅಂತರವಾದರೋ ಎರಡೇ ಸೆಂಟು, ಕಿವಿಗೆ ತಟ್ಟದು. ಗಾಂಧಾರದ್ದು ಮಾತ್ರ ತಂಬೂರಿಯ ಜೊತೆಗಿಟ್ಟರೆ ಹಲ್ಲಿಗೆ ಸಿಕ್ಕ ಹರಳಿನಂತೆ ತಿಳಿಯುವದು. ಬಲ್ಲ ಮಾಸ್ತರರು ಹಿತ್ತಾಳೆಯ ನಾಲಗೆಯನ್ನು ತುದಿಯಲ್ಲಿ ಉಜ್ಜಿ ಸ್ವರವನ್ನು ಏರಿಸಿಯೂ ಬುಡದಲ್ಲಿ ಉಜ್ಜಿ ಇಳಿಸಿಯೂ ತಮ್ಮ ಪೇಟಿಯನ್ನು ತಿದ್ದಿಕೊಳ್ಳುತ್ತಿದ್ದರು. ಹಾಗೆ ತಿದ್ದಿದ ಪೇಟಿ ಒಂದು ಪಟ್ಟಿಗೆ ಮಧುರ; ಬೇರೆ ಪಟ್ಟಿ ಹಿಡಿದರೆ ಅಪಸ್ವರ.

ಇನ್ನು ವಿದ್ಯುತ್ತಿನ ಮಾತಿಗೆ ಬರೋಣ. ವಾದ್ಯದ ದನಿಯನ್ನು ಮುದ್ರಿಸಿಟ್ಟು ಮನೆ ಒತ್ತಿದಾಗ ಅದನ್ನೇ ಹೊರಡಿಸುವ ಯೋಚನೆ ಹಳೆಯದು. ೧೯೬೩ರಲ್ಲಿ ಇಂಗ್ಲೆಂಡಿನಿಂದ ಬಂದ ಮೆಲೊಟ್ರಾನಿನಲ್ಲಿ ಪ್ರತಿಯೊಂದು ಮನೆಗೂ ಒಂದೊಂದು ತುಂಡು ಧ್ವನಿಸುರುಳಿ ಇರುತ್ತಿತ್ತು. ಸುಮಾರು ಎಂಟು ಸೆಕೆಂಡುಗಳಿಗೆ ಸುರುಳಿ ಮುಗಿದು ದನಿ ನಿಲ್ಲುತ್ತಿತ್ತು. ೧೯೮೦ರಲ್ಲಿ ಜಪಾನಿನ ಕ್ಯಾಸಿಯೋ ಸಂಸ್ಥೆಯು ತನ್ನ ಮೊದಲ ಕೀಬೋರ್ಡನ್ನು ಮಾರಾಟಕ್ಕೆ ತಂದಿತು. ನಮ್ಮ ಹಳ್ಳಿಗಳಲ್ಲಿ ಇಡೀ ವಾದ್ಯಕುಲಕ್ಕೇ ಅದರ ಹೆಸರು ಅಂಟಿಕೊಂಡದ್ದು ಹೀಗೆ. ನಿಜ ಪಿಯಾನೋದ ದನಿಯನ್ನು ಅಂಕಿಗಳಾಗಿ ತುಂಬಿಟ್ಟು, ಕೇಳುವವರು ಅಹುದೆನ್ನುವಂತೆ ಮೊದಲು ನುಡಿಸಿದ್ದು ೧೯೮೪ರ ಕರ್ಜ್‌ವೈಲ್ ೨೫೦. ಅಂಧರಿಗಾಗಿ ಓದುವ ಯಂತ್ರವನ್ನು ಕಟ್ಟಿದ್ದ ರೇ ಕರ್ಜ್‌ವೈಲ್‌ಗೆ ಈ ವಾದ್ಯದ ಪ್ರೇರಣೆ ಕೊಟ್ಟವರು ಅಂಧ ಗಾಯಕ ಸ್ಟೀವಿ ವಂಡರ್. ಗದುಗಿನ ಪುಣ್ಯಾಶ್ರಮವನ್ನು ಬಲ್ಲವರಿಗೆ ಈ ಸಂಗತಿ ದೂರದ್ದೆನಿಸಲಿಕ್ಕಿಲ್ಲ.

೧೯೮೮ರಲ್ಲಿ ಬಂದ ಕೋರ್ಗ್ ಎಂ-ಒಂದು ಎಂಬ ಜಪಾನೀ ಕೀಬೋರ್ಡಿನ ಪಿಯಾನೋ ಒಂದು ಕಾಲಕ್ಕೆ ಜಗತ್ತಿನ ನೃತ್ಯಗೀತೆಗಳನ್ನೆಲ್ಲ ಆಳಿತು. ಅದರ ಹಿಂದಿನ ಲೆಕ್ಕವನ್ನು ನೋಡಿರಿ. ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು ಎಡಬಲ ಎರಡೂ ಕಿವಿಗಳಿಗೆ ಬರೆದಿಟ್ಟರೆ, ಇಪ್ಪತ್ತು ಸೆಕೆಂಡು ಮೊಳಗುವ ಒಂದೇ ಸ್ವರಕ್ಕೆ ಸುಮಾರು ಮೂರೂವರೆ ಮೆಗಾಬೈಟು ಜಾಗ ಬೇಕು. ೮೮ ಮನೆಗಳು, ಪ್ರತಿಯೊಂದಕ್ಕೂ ಮೆಲುವಿನಿಂದ ಜೋರಿನವರೆಗೆ ನಾಲ್ಕು ಬಗೆಯ ಏಟು ಎಂದರೆ ಒಂದು ಸಾವಿರದ ಇನ್ನೂರು ಮೆಗಾಬೈಟನ್ನು ಮೀರುವದು. ಎಂ-ಒಂದರಲ್ಲಿ ಎಲ್ಲ ವಾದ್ಯಗಳಿಗೂ ಸೇರಿ ಇದ್ದ ಜಾಗವೇ ನಾಲ್ಕು ಮೆಗಾಬೈಟು! ಹಾಗಾದರೆ ಅದರಲ್ಲಿ ಪಿಯಾನೋ ಹೇಗೆ ಹಿಡಿಸಿತು? ಕೆಲವೇ ಮನೆಗಳ ದನಿಯನ್ನು ಮುದ್ರಿಸಿ, ಅಕ್ಕಪಕ್ಕದ ಮನೆಗಳಿಗೆ ಅದನ್ನೇ ಎಳೆದು ಕುಗ್ಗಿಸಿ ಹೊಂದಿಸುವರು. ಏಟಿನ ಮೊದಲ ಕ್ಷಣವನ್ನು ಇದ್ದಂತೆ ಉಳಿಸಿ, ಮುಂದಿನ ಮೊಳಗಿನಿಂದ ಒಂದು ಗೇಣು ಕತ್ತರಿಸಿ, ಅದರ ತುದಿಗೆ ಅದರ ಬುಡವನ್ನೇ ಜೋಡಿಸಿ ತಿರುಗಿಸುತ್ತಿರುವರು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವದನ್ನು ವಾಚಕರು ನೋಡಿರಬಹುದು. ಕೊಂಡಿ ಬಿಗಿಯಾಗಿ ಬಿದ್ದರೆ ಎಲ್ಲಿ ಕೂಡಿತೆಂಬದು ಕಾಣದು, ತಪ್ಪಿದರೆ ಸೀರೆಯುದ್ದಕ್ಕೂ ಅದೇ ಕಣ್ಣಿಗೆ ಹೊಡೆಯುವದು. ದನಿಯ ಕೊಂಡಿಯೂ ಹಾಗೆಯೇ. ಅಗ್ಗದ ಕೀಬೋರ್ಡಿನ ಒಂದು ಮನೆಯನ್ನು ಒತ್ತಿ ಹಿಡಿದು ಕಿವಿಗೊಟ್ಟರೆ, ಕೊಂಡಿ ತಿರುಗಿದಾಗಲೊಮ್ಮೆ ಸಣ್ಣದಾಗಿ ಮಿಡುಕುವದು ಕೇಳಿಬರುವದು.

ಈಗ ಜಾಗದ ಕೊರತೆಯಿಲ್ಲ. ರಂಗಕ್ಕಾಗಿಯೇ ಮಾಡಿದ ದೊಡ್ಡ ಕೀಬೋರ್ಡುಗಳಲ್ಲಿ ಹೆಸರಾಂತ ಪಿಯಾನೋಗಳ ದನಿ ತುಂಬಿದ್ದಾರೆ. ೨೦೧೯ರ ಯಮಾಹಾ ಸಿಪಿ-೮೮ರಲ್ಲಿ ಆ ಸಂಸ್ಥೆಯದೇ ಸಿಎಫ್ಎಕ್ಸ್ ಎಂಬ ಕಚೇರಿ ಪಿಯಾನೋ ಒಂದು ಕಡೆ, ವಿಯೆನ್ನಾದ ಬೋಸೆಂಡಾರ್ಫರ್ ಇಂಪೀರಿಯಲ್ ಇನ್ನೊಂದು ಕಡೆ. ಮೊದಲನೆಯದು ತಿಳಿಯಾದ, ಚುರುಕಾದ ದನಿ. ಎರಡನೆಯದು ಮಂದ್ರದಲ್ಲಿ ಬಾವಿಯ ಆಳದಿಂದ ಬಂದಂತೆ ಗಂಭೀರವಾದುದು, ಇದರ ಮೂಲ ವಾದ್ಯಕ್ಕೆ ೮೮ರ ಬದಲು ೯೭ ಮನೆಗಳು. ಕರ್ಜ್‌ವೈಲಿನವರು ಜರ್ಮನಿಯ ಸ್ಟೈನ್ವೇಯನ್ನು ಹಿಡಿದಿಟ್ಟರು. ಅದು ಇವೆರಡರ ನಡುವೆ, ದನಿ ಬಹಳ ಹೊತ್ತು ಹಾಡುತ್ತ ನಿಲ್ಲುವಂಥದು. ಕವಾಯಿಯವರದು ದುಂಡಾದ ದನಿ, ಎಂಪಿ-೧೧ರಂಥ ಅವರ ವಾದ್ಯದಲ್ಲಿ ಮನೆಗಳೂ ಕಟ್ಟಿಗೆಯವೇ. ಸ್ವೀಡನ್ನಿನ ನಾರ್ಡಿನವರು ತಮ್ಮ ಗಿರಾಕಿಗಳಿಗೆ ಪಿಯಾನೋಗಳ ಒಂದು ಭಂಡಾರವನ್ನೇ ತೆರೆದಿಟ್ಟು ಬೇಕಾದುದನ್ನು ತುಂಬಿಕೊಳ್ಳಿರೆಂದಿದ್ದಾರೆ. ಮನೆಯಲ್ಲಿ ಒಳ್ಳೆಯ ಹೆಡ್‌ಫೋನು ತೊಟ್ಟು, ಬಾಗಿಲು ಮುಚ್ಚಿ ಇವುಗಳನ್ನು ಒಂದೊಂದಾಗಿ ಕೇಳಿದರೆ ನನ್ನ ಮತ ಬೋಸೆಂಡಾರ್ಫರಿಗೆ.

ಬನಶಂಕರಿಯ ಬಯಲಿನಲ್ಲಿ ಈ ಮತಕ್ಕೆ ಕಿಮ್ಮತ್ತಿಲ್ಲ. ಅಲ್ಲಿ ಪಕ್ಕದ ತಂಬುವಿನ ಹಾಸ್ಯಗಾರನ ಮಾತು ಈ ತಂಬುವಿಗೆ ಕೇಳುತ್ತಿರುವದು. ತೊಟ್ಟಿಲು ತಿರುಗುವ ಸದ್ದು, ಜನರೇಟರಿನ ಮೊರೆತ, ಮಿರ್ಚಿ ಭಜಿಯ ಅಂಗಡಿಯವನ ಕೂಗು ಎಲ್ಲವೂ ಬೆರೆತಿರುವವು. ಈ ಗದ್ದಲವೆಲ್ಲ ಮಂದ್ರ-ಮಧ್ಯ ಸ್ಥಾಯಿಯದು. ಬೋಸೆಂಡಾರ್ಫರಿನ ಗಾಂಭೀರ್ಯ ಅದರಲ್ಲಿ ಮುಳುಗಿ ಹೋಗುವದು. ಎಂ-ಒಂದರ ತೆಳ್ಳನೆಯ, ಗಾಜು ತಟ್ಟಿದಂಥ ಪಿಯಾನೋ ಮಾತ್ರ ಗದ್ದಲವನ್ನು ಸೀಳಿಕೊಂಡು ಬರುವದು. ಜನರಲ್ ಮಿಡಿಯ ಪಟ್ಟಿಯಲ್ಲಿ ಒಂದನ್ನು ಬಿಟ್ಟು ಎರಡನೆಯ ಸಂಖ್ಯೆಗೆ ಕೈಹಾಕುವ ವಾದಕರಿಗೆ ಸುಸಂಸ್ಕೃತ ಕಿವಿಯಿಲ್ಲವೆಂದು ಮೂಗು ಮುರಿಯುವವರು ಒಂದು ಇರುಳು ಆ ತಂಬುವಿನ ಕೊನೆಯ ಸಾಲಿನಲ್ಲಿ ಕುಳಿತು ಬರಬೇಕು.

ಇನ್ನೊಂದು ತೊಡಕೂ ಉಂಟು, ಅದು ಬೆಲೆಬಾಳುವ ವಾದ್ಯಗಳಿಗೇ ಹೆಚ್ಚು. ಒಳ್ಳೆಯ ಪಿಯಾನೋದ ದನಿಯನ್ನು ಎರಡು ಮೈಕುಗಳಿಂದ ಎಡಕ್ಕೊಂದು ಬಲಕ್ಕೊಂದು ಎಂದು ಮುದ್ರಿಸಿರುವರು. ತಂಬುವಿನ ಸ್ಪೀಕರಿಗೆ ಎಡಬಲವಿಲ್ಲ; ಎರಡನ್ನೂ ಒಂದೇ ತಂತಿಯಲ್ಲಿ ಕೂಡಿಸಿ ಕಳಿಸುವರು. ಆಗ ಒಂದು ಮೈಕಿನಲ್ಲಿ ಅಲೆ ಏರಿದ ಕ್ಷಣಕ್ಕೆ ಇನ್ನೊಂದರಲ್ಲಿ ಇಳಿದಿದ್ದರೆ ಎರಡೂ ಒಂದನ್ನೊಂದು ತಿಂದು ಹಾಕುವವು. ಪರಿಣಾಮವಾಗಿ ಕೆಲವು ಸ್ವರಗಳು ಡೊಗರು ಬಿದ್ದಂತೆ ಟೊಳ್ಳಾಗುವವು. ಲಕ್ಷಗಟ್ಟಲೆ ಬೆಲೆಯ ಕೀಬೋರ್ಡು ತಗಡಿನ ಡಬ್ಬಿಯಂತೆ ಕೇಳಿಸಿತೆಂದು ದೂರುವವರ ತಕರಾರಿಗೆ ಬಹುಸಲ ಇದೇ ಕಾರಣ. ಒಂದೇ ಮೈಕಿನ ಪಿಯಾನೋ ಎಂದು ಗುರುತು ಹಾಕಿದ ದನಿ ಇದ್ದರೆ ಅದನ್ನೇ ಆರಿಸುವದು, ಇಲ್ಲದಿ‌ದ್ದರೆ ಎಡಬಲಗಳನ್ನು ಕೂಡಿಸದೆ ಒಂದು ಕಡೆಯ ದನಿಯನ್ನು ಮಾತ್ರ ಸ್ಪೀಕರಿಗೆ ಕಳಿಸುವದು ಲೇಸು.

ಇಷ್ಟೆಲ್ಲ ಆರಿಸಿದ ಮೇಲೂ ಹಾಡು ಬಂದಾಗ ಪಿಯಾನೋ ಸೋಲುವದು. ಸುತ್ತಿಗೆ ಬಡಿದ ಮರುಕ್ಷಣದಿಂದಲೇ ಅದರ ಸ್ವರ ಸಾಯತೊಡಗುವದು. ಮಂದ್ರದ ತಂತಿ ಇಪ್ಪತ್ತು ಸೆಕೆಂಡು ಉಸಿರಾಡಿದರೆ, ಮೇಲಿನ ತುದಿಯ ಮನೆಗಳು ಒಂದೆರಡು ಸೆಕೆಂಡಿಗೆ ಮುಗಿದವು. ನಮ್ಮ ರಂಗಗೀತೆಯ ನಟಿ ಪಂಚಮದ ಮೇಲೆ ನಿಂತು ಆಲಾಪ ತೆಗೆದಾಗ ಅವಳ ಕೆಳಗೆ ನೆಲವಾಗಿ ನಿಲ್ಲುವ ಸ್ವರ ಬೇಕು. ಪೇಟಿ ಆ ಕೆಲಸ ಮಾಡುತ್ತಿತ್ತು. ಆದ್ದರಿಂದಲೇ ವಾದಕರು ಪಿಯಾನೋದ ಅಡಿಗೆ ಪಿಟೀಲು ಮೇಳದ ದನಿಯನ್ನು ಹಾಸಿ ಎರಡನ್ನೂ ಒಟ್ಟಿಗೆ ನುಡಿಸುವರು: ಪಿಯಾನೋ ಹೊಡೆತಕ್ಕೆ, ಪಿಟೀಲು ನಿಲುಗಡೆಗೆ. ಬರಿಯ ಪಿಯಾನೋ ಉಳಿದದ್ದು ಹಾಡಿಲ್ಲದ ಜಾಗಗಳಲ್ಲಿ. ಸಾಹುಕಾರನ ಬಂಗಲೆಯ ದೃಶ್ಯ, ತಾಯಿ-ಮಗನ ಅಗಲಿಕೆ, ಕಾಗದ ಓದಿ ಕುಸಿಯುವ ನಾಯಕ. ಇಲ್ಲಿ ಅದಕ್ಕೆ ಸಾಟಿಯಿಲ್ಲ. ೧೯೪೯ರ ‘ಅಂದಾಜ್’ ಚಿತ್ರದಲ್ಲಿ ದಿಲೀಪಕುಮಾರ ಪಿಯಾನೋದ ಮುಂದೆ ಕುಳಿತು ಹಾಡಿದಂದಿನಿಂದ ಶ್ರೀಮಂತಿಕೆಯನ್ನೂ ದುಃಖವನ್ನೂ ಒಂದೇ ವಾದ್ಯದಲ್ಲಿ ಕೇಳಲು ನಮ್ಮ ಜನ ಕಲಿತರು. ನಾಟಕದವರು ಆ ಕಲಿಕೆಯನ್ನು ಬಳಸಿಕೊಂಡರು.

ವಾದ್ಯ ತಯಾರಕರೂ ಇದನ್ನು ಗಮನಿಸಿದ್ದಾರೆ. ಯಮಾಹಾದವರ ಪಿಎಸ್ಆರ್-ಐ ಎಂಬ ಸಾಲಿನ ಕೀಬೋರ್ಡುಗಳನ್ನು ಭಾರತಕ್ಕೆಂದೇ ಮಾಡಿ ತಬಲಾ, ತಂಬೂರಿಗಳನ್ನು ತುಂಬಿದರು. ರೋಲ್ಯಾಂಡಿನವರ ಎಕ್ಸ್‌ಪಿಎಸ್-೧೦ ನಮ್ಮ ಆರ್ಕೆಸ್ಟ್ರಾಗಳಲ್ಲಿ ಮನೆಮಾತಾಯಿತು. ಇಂಥವುಗಳಲ್ಲಿ ಹಾರ್ಮೋನಿಯಮ್ಮಿನ ದನಿಯೂ ಒಂದು. ಪೇಟಿಯನ್ನು ರಂಗದಿಂದ ಇಳಿಸಿದ ಯಂತ್ರದೊಳಗೆ ಪೇಟಿ ಮರಳಿ ಬಂದು ಕುಳಿತಿದೆ! ಆದರೆ ಬರುವಾಗ ಕಾಲನ್ನು ಹೊರಗೆ ಬಿಟ್ಟು ಬಂದಿದೆ. ಕೀಬೋರ್ಡಿನ ಕೆಳಗೆ ಇರುವ ಒಂಟಿ ತುಳಿಗೆ ಪಿಯಾನೋದ ಪದ್ಧತಿಯದು. ಒತ್ತಿದರೆ ಸ್ವರ ಮೊಳಗುತ್ತ ಉಳಿಯುವದು, ಬಿಟ್ಟರೆ ನಿಲ್ಲುವದು. ಉಸಿರನ್ನು ಹೆಚ್ಚುಕಡಿಮೆ ಮಾಡುವ ಕೆಲಸ ಅದರದಲ್ಲ. ಅದಕ್ಕಾಗಿ ಎಕ್ಸ್‌ಪ್ರೆಶನ್ ಪೆಡಲು ಎಂಬ ಬೇರೆಯೊಂದು ತುಳಿಗೆ ದೊರೆಯುವದುಂಟು. ಕಾಲುಪೇಟಿಯ ಮೇಲೆ ಪಳಗಿದ ಮಾಸ್ತರನಿಗೆ ಅದನ್ನು ಕೊಟ್ಟರೆ ಎರಡು ದಿನದಲ್ಲಿ ವಶಪಡಿಸಿಕೊಂಡಾನು. ಪೇಟಿಯನ್ನು ತುಳಿಯದೆ ಕೀಬೋರ್ಡಿನಿಂದಲೇ ಆರಂಭಿಸಿದ ಹುಡುಗನಿಗೆ ಅದು ಏಕೆ ಬೇಕೆಂಬದೇ ತೋಚದು. ಪಟ್ಟಿ ಬದಲಿಸುವ ಗುಂಡಿಯೂ ಹಾಗೆಯೇ: ಒತ್ತಿದರಾಯಿತು, ಕರಿ ಐದರ ಹಾಡನ್ನು ಬಿಳಿ ಒಂದರ ಬೆರಳಿನಿಂದ ಬಾರಿಸಬಹುದು. ಹನ್ನೆರಡು ಷಡ್ಜಗಳನ್ನು ಬೆರಳಿಗೆ ಕಲಿಸುವ ವರುಷಗಳ ಸಾಧನೆ ಒಂದು ಗುಂಡಿಗೆ ಇಳಿಯಿತು. ಇದರಿಂದ ಬಡ ಕಂಪನಿಗೆ ಅನುಕೂಲವಾಯಿತೆಂಬದೂ ನಿಜ, ಮಾಸ್ತರನ ಸಂಬಳಕ್ಕೆ ಕೊಡಲಿ ಬಿತ್ತೆಂಬದೂ ನಿಜ.

೧೯೪೦ರಲ್ಲಿ ಬಾನುಲಿಯು ಪೇಟಿಯ ಮೇಲೆ ಹೊರಿಸಿದ ಎರಡು ಆಪಾದನೆಗಳು ಮೀಂಡ ಇಲ್ಲವೆಂಬದು, ಸ್ವರಸ್ಥಾನ ಸರಿಯಲ್ಲವೆಂಬದು. ಇವೆರಡೂ ಪಿಯಾನೋಕ್ಕೆ ಪೂರ್ತಿ ಅನ್ವಯಿಸುವವು. ಆದರೂ ಕೀಬೋರ್ಡು ಬಂದಾಗ ಯಾರೂ ಅದನ್ನು ಬಾಗಿಲಲ್ಲಿ ತಡೆಯಲಿಲ್ಲ. ವಿಚಿತ್ರವೇನೆಂದರೆ, ಎರಡಕ್ಕೂ ಉತ್ತರ ಕೊಡಬಲ್ಲ ಶಕ್ತಿ ಆ ಕೀಬೋರ್ಡಿನಲ್ಲಿಯೇ ಇದೆ. ಎಡಗಡೆಯ ಚಕ್ರವನ್ನೋ ಹಿಡಿಕೆಯನ್ನೋ ಸರಿಸಿದರೆ ಸ್ವರ ಬಾಗುವದು. ಅಭ್ಯಾಸವಿದ್ದ ಕೈಗೆ ಮೀಂಡ ತಕ್ಕಮಟ್ಟಿಗೆ ದಕ್ಕುವದು. ಸ್ವರಸ್ಥಾನಗಳನ್ನು ಒಂದೊಂದಾಗಿ ಸೆಂಟುಗಳ ಲೆಕ್ಕದಲ್ಲಿ ಏರಿಸಿ ಇಳಿಸುವ ಏರ್ಪಾಡು ಹಲವು ಕೀಬೋರ್ಡುಗಳಲ್ಲಿ ಉಂಟು. ಅರಬರ ಸಂಗೀತಕ್ಕೆಂದು ಕಾಲುಸ್ವರಗಳನ್ನು ಹೊಂದಿಸಲು ಅದನ್ನು ನಿತ್ಯವೂ ಬಳಸುತ್ತಾರೆ. ನಮ್ಮವರು ಆ ಪುಟವನ್ನು ತೆರೆಯುವದು ಅಪರೂಪ. ಹಿತ್ತಾಳೆಯ ನಾಲಗೆಯನ್ನು ಅರದಿಂದ ಉಜ್ಜಿ ಹಿಂದಿನ ಮಾಸ್ತರರು ಒಂದೇ ಪಟ್ಟಿಗೆ ಸಾಧಿಸಿದ್ದನ್ನು ಇಲ್ಲಿ ಹಾಡು ಹಾಡಿಗೂ ಬದಲಿಸಿಡಬಹುದು, ಸ್ಮರಣೆಯಲ್ಲಿ ಉಳಿಸಿಕೊಳ್ಳಬಹುದು.

ಕೀಬೋರ್ಡು ಇಟ್ಟುಕೊಂಡ ವಾಚಕರಿದ್ದರೆ ಒಂದು ಪ್ರಯೋಗ ಮಾಡಿ ನೋಡಬಹುದು. ಬಿಳಿ ಒಂದನ್ನು ಷಡ್ಜವೆಂದು ಹಿಡಿದು, ಸ್ಕೇಲ್ ಟ್ಯೂನಿಂಗಿನ ಪುಟದಲ್ಲಿ ಗಾಂಧಾರವನ್ನು ಹದಿನಾಲ್ಕು, ಧೈವತವನ್ನು ಹದಿನಾರು, ನಿಷಾದವನ್ನು ಹನ್ನೆರಡು ಸೆಂಟು ಇಳಿಸಿರಿ. ಪಂಚಮವನ್ನು ಎರಡು ಸೆಂಟು ಏರಿಸಿರಿ. ಹಾರ್ಮೋನಿಯಮ್ಮಿನ ದನಿಯನ್ನು ಆರಿಸಿ, ತಂಬೂರಿಯನ್ನು ಹಚ್ಚಿ, ಷಡ್ಜ-ಗಾಂಧಾರ-ಪಂಚಮಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಸಾಮಾನ್ಯವಾಗಿ ಕೇಳುವ ತೆರೆತೆರೆಯಾದ ನಡುಕ ನಿಂತು ಮೂರು ಸ್ವರಗಳು ಒಂದೇ ಕಂಬದಂತೆ ನಿಲ್ಲುವವು. ಅನಂತರ ಅದೇ ಹೊಂದಾಣಿಕೆಯಲ್ಲಿ ಪಿಯಾನೋದ ದನಿಗೆ ಬದಲಿಸಿ ಅದೇ ಮೂರು ಮನೆಗಳನ್ನು ಒತ್ತಿ, ಸ್ವರ ಆರುವವರೆಗೂ ಕೇಳಿರಿ.